ಓದಿ ಹೇಳಿದೆ ಎಂದು ಬರೆದ ಸಾಲು

ನಾನು ಬರೆದುಕೊಟ್ಟ ಅರ್ಜಿಗಳಲ್ಲೆಲ್ಲ ಕಡೆಯ ಸಾಲು ಒಂದೇ ಇರುತ್ತಿತ್ತು: ‘ಮೇಲ್ಕಂಡ ಒಕ್ಕಣೆಯನ್ನು ಅರ್ಜಿದಾರರಿಗೆ ಓದಿ ಹೇಳಲಾಗಿ, ಕೇಳಿ ಒಪ್ಪಿ ಎಡಗೈ ಹೆಬ್ಬೆಟ್ಟು ಒತ್ತಿರುತ್ತಾರೆ.’ ಅದರ ಕೆಳಗೆ ಬರೆದವನೆಂದು ನನ್ನ ರುಜು. ಐದು ವರ್ಷ ಆ ಸಾಲು ಸುಳ್ಳಾಗಿತ್ತು. ನಾನು ಯಾರಿಗೂ ಓದಿ ಹೇಳುತ್ತಿರಲಿಲ್ಲ. ಇದನ್ನು ಬಲ್ಲವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಆದ್ದರಿಂದ ನಾನೇ ಬರೆಯಬೇಕು.

ನಾನು ಮಳವಳ್ಳಿ ಕಡೆಯ ಹಳ್ಳಿಯವನು. ಮಂಡ್ಯದಲ್ಲಿ ಹೈಸ್ಕೂಲು ಮುಗಿಸಿದೆ. ಕನ್ನಡ ಮೇಷ್ಟ್ರು ನನ್ನ ಪ್ರಬಂಧಗಳನ್ನು ಮೆಚ್ಚಿಕೊಳ್ಳುತ್ತಿದ್ದರು. ನನಗೆ ಬರೆಯುವುದಕ್ಕೆ ಬರುತ್ತದೆ ಎಂಬ ಜಂಬ ಅಲ್ಲಿ ಹತ್ತಿಕೊಂಡಿತು. ಮುಂದಕ್ಕೆ ಓದಿಸುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಯುದ್ಧ ಶುರುವಾದ ವರ್ಷದ ಆಸುಪಾಸಿನಲ್ಲಿ ಅರ್ಜಿ ಬರೆಯುವ ಪರವಾನಗಿ ಪಡೆದು, ಮದ್ದೂರಿನಲ್ಲಿ ತಾಲ್ಲೂಕು ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಚಾಪೆ ಹಾಸಿ, ಬರೆಯುವ ಪೆಟ್ಟಿಗೆ ಇಟ್ಟುಕೊಂಡು ಕುಳಿತೆ.

ನನ್ನ ಪಕ್ಕದ ಚಾಪೆ ಒಬ್ಬ ಹಿರಿಯರದು. ಇಪ್ಪತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದವರು. ಮೊದಲ ವಾರ ನಾನು ಬರೆದದ್ದನ್ನು ಒಬ್ಬ ರೈತನಿಗೆ ಪೂರ್ತಿ ಓದಿ ಹೇಳಿದೆ. ಆತ ಕೇಳಿ, ಹಂಗಲ್ಲ ಹಿಂಗೆ ಎಂದ. ಸ್ಟಾಂಪು ಅಂಟಿಸಿದ ಕಾಗದ ಹಾಳಾಯಿತು, ಇನ್ನೊಂದು ಬರೆದೆ. ಆತ ಹೋದ ಮೇಲೆ ಹಿರಿಯರು ಎಲೆಯಡಿಕೆ ಉಗಿದು ಹೇಳಿದರು:

“ಲೇ, ಓದಿದ್ರೆ ಕೆಟ್ಟೆ ಕಣ್ಲಾ. ಈ ಯುದ್ಧದಾಗೆ ಕಾಗ್ದ ಎಲ್ಲದೆ? ಅವ್ರು ಏನ್ ಯೋಳಿದ್ರೋ ಅದ್ನೇ ಅವ್ರಿಗೆ ತಿರುಗಿ ಯೋಳು. ಕಣ್ಣು ಮಾತ್ರ ಕಾಗ್ದದ ಮ್ಯಾಲಿರ್ಲಿ.”

ಅದೇ ಅಲ್ಲಿನ ಪದ್ಧತಿಯಾಗಿತ್ತು. ನಾನು ಬೇಗ ಕಲಿತೆ. ಕಾಗದವನ್ನು ಮುಖದ ಮುಂದೆ ಹಿಡಿದು, ಸಾಲಿನಿಂದ ಸಾಲಿಗೆ ಕಣ್ಣು ಇಳಿಸುತ್ತ, ಬಂದವರು ಅರ್ಧ ಗಂಟೆಯ ಹಿಂದೆ ಆಡಿದ ಮಾತನ್ನೇ ಅವರ ಧಾಟಿಯಲ್ಲಿ ಹೇಳುತ್ತಿದ್ದೆ. ತಮ್ಮ ಮಾತೇ ವಾಪಸು ಬಂದರೆ ಯಾರು ಬೇಡ ಅನ್ನುತ್ತಾರೆ? ತಲೆದೂಗಿ ಹೆಬ್ಬೆಟ್ಟು ಒತ್ತುತ್ತಿದ್ದರು. ಕಾಗದದ ಮೇಲೆ ಇದ್ದದ್ದು ಬೇರೆ, ನನ್ನ ಹೈಸ್ಕೂಲಿನ ಕನ್ನಡ. ಗಂಡ ಸತ್ತವರಿಗೆ ಒಂದು ಒಕ್ಕಣೆ, ಮಳೆ ಹೋದವರಿಗೆ ಒಂದು, ದಾಯಾದಿ ಜಗಳದವರಿಗೆ ಒಂದು, ಹೀಗೆ ಮೊದಲೇ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಸಾಹೇಬರ ಮನಸ್ಸು ಕರಗುವುದು ಆ ಒಕ್ಕಣೆಯಿಂದಲೇ ಎಂದು ನಂಬಿದ್ದೆ.

ಸ್ವಾತಂತ್ರ್ಯ ಬರುವುದಕ್ಕೆ ಎರಡು ಮೂರು ವರ್ಷ ಮುಂಚೆ ಆತಗೂರು ಕಡೆಯಿಂದ ಒಬ್ಬ ಹೆಂಗಸು ಬಂದಳು. ವಯಸ್ಸು ನಲವತ್ತರ ಹತ್ತಿರ. ಆಕೆಯ ಗಂಡನಿಗೆ ಸರ್ಕಾರ ಎರಡು ಎಕರೆ ಬೀಳು ಭೂಮಿಯನ್ನು ಸಾಗುವಳಿಗೆಂದು ಕೊಟ್ಟಿತ್ತು. ಸ್ವಂತ ಗೇಯುವವರಿಗೆ ಮಾತ್ರ ಭೂಮಿ ಎಂಬುದು ಅದರ ಷರತ್ತು. ಗಂಡ ತೀರಿಕೊಂಡಿದ್ದ. ಹೆಂಗಸಿಗೆ ಗೇಯಲಾಗುವುದಿಲ್ಲ, ಭೂಮಿಯನ್ನು ತನ್ನ ಹೆಸರಿಗೆ ಮಾಡಿಕೊಡಬೇಕೆಂದು ಮೈದುನ ಅಮಲ್ದಾರರಿಗೆ ಅರ್ಜಿ ಕೊಟ್ಟಿದ್ದ. ಅದಕ್ಕೆ ಆಕೆ ಉತ್ತರ ಕೊಡಬೇಕಿತ್ತು.

ಆಕೆ ಚಾಪೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದಳು: “ಬರ್ಕಳಿ ಸ್ವಾಮಿ. ಆ ಒಲದ ಕಲ್ಲ ನನ್ ಗಂಡ ಆಯ್ದ, ನಾನೂ ಆಯ್ದೆ. ಎಂಗಸ್ರು ನೇಗ್ಲು ಇಡಿಯಕಿಲ್ಲ, ಸರಿ. ಅದ್ಕೇನಂತೆ? ಪಕ್ಕದೊಲದೋರು ನಂಗೆ ಎರಡು ದಿನ ಉತ್ಕೊಡ್ತಾರೆ, ನಾನು ಅವ್ರ ಒಲದಾಗೆ ಎಂಟು ದಿನ ಕಳೆ ಕೀಳ್ತೀನಿ. ಮುಯ್ಯಾಳು. ಓದ್ ವರ್ಸಾನೂ ಅಂಗೇ ಬೆಳೆದಿವ್ನಿ. ನಂಬ್ದಿದ್ರೆ ಬಂದು ಒಲ ನೋಡ್ಲಿ ಅಂತ ಬರೀರಿ.”

ನಾನು ಹೂಂಗುಟ್ಟಿದೆ. ಕರಡು ಬರೆದೆ, ಶುದ್ಧಪ್ರತಿ ಮಾಡಿ ಕರಡನ್ನು ಪೆಟ್ಟಿಗೆಗೆ ಹಾಕಿದೆ. ಕಾಗದ ಎತ್ತಿ ಹಿಡಿದು ಅವಳ ಮಾತನ್ನು ಅವಳಿಗೇ ಒಪ್ಪಿಸಿದೆ. ಮುಯ್ಯಾಳನ್ನೂ ಬಿಡಲಿಲ್ಲ, ಬಂದು ಹೊಲ ನೋಡಲಿ ಎಂಬುದನ್ನೂ ಬಿಡಲಿಲ್ಲ. ಅವಳಿಗೆ ಸಮಾಧಾನವಾಯಿತು. ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಹೋದಳು.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಬಂದು ನಿಂತಳು. ಕೈಯಲ್ಲಿ ಕಚೇರಿಯ ಹುಕುಂ. ಶಾನುಭೋಗರು ಓದಿ ಹೇಳಿದ್ದಾರೆ, ಆದರೆ ನಂಬಿಕೆ ಬಂದಿಲ್ಲ, ನಾನೂ ಒಮ್ಮೆ ಓದಿ ಹೇಳಬೇಕು ಎಂದಳು. ಓದಿದೆ. ಅರ್ಜಿದಾರಳೇ ತನಗೆ ದುಡಿಯಲು ಕೈಲಾಗದೆಂದು ಬರೆದುಕೊಂಡಿರುವುದರಿಂದ ಜಮೀನು ಮೈದುನನ ಹೆಸರಿಗೆ ಆಗತಕ್ಕದ್ದು, ಆಕೆಯ ಅನ್ನಬಟ್ಟೆ ಆತನೇ ನೋಡಿಕೊಳ್ಳತಕ್ಕದ್ದು ಎಂದಿತ್ತು.

“ನಾನೆಲ್ಲಿ ಅಂಗಂದೆ?” ಎಂದಳು.

ಆಗ ನಾನು ಎರಡನೆಯ ಸುಳ್ಳು ಹೇಳಿದೆ. “ಕಚೇರೀಲಿ ಏನೋ ತಪ್ಪು ತಿಳ್ಕೊಂಡವ್ರೆ ಕಣವ್ವ” ಎಂದೆ.

“ಅಂಗಾರೆ ನೀವು ಮೊದ್ಲು ಬರ್ದು ಪೆಟ್ಟಿಗೇಲಿ ಆಕ್ದಿರಲ್ಲ, ಅದ ತಗೀರಿ. ಓದಿ.”

ಕರಡು ಇತ್ತು. ಅದನ್ನು ತೆಗೆದು ಹಿಡಿದುಕೊಂಡು, ಹಿಂದಿನಂತೆಯೇ ಅವಳ ಮಾತನ್ನು ನೆನಪಿನಿಂದ ಹೇಳತೊಡಗಿದೆ. ಆಕೆ ಪೂರ್ತಿ ಕೇಳಿದಳು. ಆಮೇಲೆ ಕಾಗದದ ನಡುವೆ ಬೆರಳಿಟ್ಟು, “ಇಲ್ಲಿಂದ ಓದಿ” ಎಂದಳು. ಏನೋ ಹೇಳಿದೆ. ಬೆರಳು ಎತ್ತಲಿಲ್ಲ. “ಇನ್ನೊಂದ್ ಕಿತಾ ಇಲ್ಲಿಂದ್ಲೇ ಓದಿ” ಎಂದಳು. ಮತ್ತೆ ಹೇಳಿದೆ. ಮೊದಲು ಹೇಳಿದ ಮಾತು ಈ ಸಲ ಬರಲಿಲ್ಲ, ಬೇರೆ ಬಂತು.

“ಕಾಗ್ದದ ಮ್ಯಾಲಿರ ಮಾತು ಕಟ್ಟಾಕಿದ ದನ ಇದ್ದಂಗೆ ಕಣಪ್ಪ. ಗಳಿಗೆಗೊಂದು ಕಡೀಕೆ ಓಗಕಿಲ್ಲ. ನೀನು ಓದ್ತಾ ಇಲ್ಲ.”

ಅಷ್ಟರಲ್ಲಿ ನಾನು ಸ್ವಾಮಿಯಿಂದ ನೀನು ಆಗಿದ್ದೆ. ಪಕ್ಕದ ಚಾಪೆಯ ಹಿರಿಯರು ತಮ್ಮ ಕಾಗದದಿಂದ ತಲೆ ಎತ್ತಲಿಲ್ಲ.

ಓದಿದೆ. ‘ಪತಿವಿಯೋಗದಿಂದ ದುಃಖಸಾಗರದಲ್ಲಿ ಮುಳುಗಿ, ದೇಹದಲ್ಲಿ ತ್ರಾಣವಿಲ್ಲದೆ, ದುಡಿಯಲು ಕೈಲಾಗದೆ, ಪರರ ಆಸರೆಯನ್ನೇ ನಂಬಿ ಜೀವ ಹಿಡಿದಿರುವ ಈ ಅನಾಥೆಯು...’ ನೂರಾರು ಸಲ ಬರೆದ ಸಾಲು ಅದು. ನನ್ನ ಬಾಯಿಂದ ಅದನ್ನು ನಾನು ಕೇಳಿದ್ದು ಅವತ್ತೇ ಮೊದಲು. ಎದುರಿಗೆ ಕೂತವಳ ಅಂಗೈಯಲ್ಲಿ ಕುಡುಗೋಲಿನ ಹಿಡಿ ಉಜ್ಜಿ ಜಡ್ಡುಗಟ್ಟಿದ ಚರ್ಮ ಕಾಣುತ್ತಿತ್ತು. ಒಂದೊಂದು ಪದವೂ ಅವಳ ಮೇಲೆ ಹೇಳಿದ ಚಾಡಿಯಂತೆ ಕೇಳಿಸಿತು. ಮುಯ್ಯಾಳಿನ ಸುದ್ದಿ ಅದರಲ್ಲಿ ಎಲ್ಲೂ ಇರಲಿಲ್ಲ. ಅಷ್ಟು ಒರಟು ಮಾತು ಅರ್ಜಿಗೆ ಒಪ್ಪುವುದಿಲ್ಲ ಎಂದು ನಾನೇ ಬಿಟ್ಟಿದ್ದೆ.

ಆಕೆ ಅಳಲಿಲ್ಲ, ಬಯ್ಯಲೂ ಇಲ್ಲ. “ನನ್ ಮೈದ ಯೋಳಿದ್ದ ನೀನೂ ಬರ್ದಿದೀಯಲ್ಲಪ್ಪ” ಎಂದಳು. “ಈಗೇನ್ ಮಾಡೀಯೆ?”

ಮಂಡ್ಯದಲ್ಲಿ ಮೇಲಿನ ಸಾಹೇಬರಿಗೆ ಅಪೀಲು ಹಾಕಲು ಇನ್ನೂ ಎರಡು ವಾರ ಅವಕಾಶವಿತ್ತು. ಬರೆಯುತ್ತೇನೆ ಎಂದೆ. ಈ ಸಲ ಪ್ರತಿ ಪದವನ್ನೂ ಅವಳ ಕಿವಿಗೆ ಹಾಕದೆ ಸ್ಟಾಂಪು ಅಂಟಿಸಬಾರದೆಂದು ಅಲ್ಲೇ ತೀರ್ಮಾನಿಸಿದೆ.

ಆ ದಿನಗಳಲ್ಲಿ ಆಕೆ ವೈದ್ಯನಾಥಪುರದ ನೆಂಟರ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಕೆಲಸ ಬಿಟ್ಟು ಮದ್ದೂರಿಗೆ ಬರುವಂತಿರಲಿಲ್ಲ. ನಾನೇ ಕರಡು ಹಿಡಿದು ನಡೆದೆ. ಹೆಂಗಸರು ಸಾಲು ಹಿಡಿದು ಕೂತು ಮುಂದೆ ಮುಂದೆ ಸರಿಯುತ್ತಿದ್ದರು. ನಾನು ಬದುವಿನ ಮೇಲೆ ಅವರ ಜೊತೆಗೇ ಹೆಜ್ಜೆ ಹಾಕುತ್ತ ಗಟ್ಟಿಯಾಗಿ ಓದಿದೆ. ಹೊಲದಲ್ಲಿ ಗಾಳಿ. ಮೆಲ್ಲಗೆ ಓದಿದರೆ ಕೇಳಿಸದು. ಕೂಗಿ ಓದುವಾಗ ಉದ್ದದ ವಾಕ್ಯಗಳಲ್ಲಿ ಉಸಿರು ಸಾಲದೆ ನಡುವೆ ನಿಂತೆ.

“ಯಾಕ್ಲಾ ಮಗ ನಿಂತ್ಕಂಡೆ, ಕಾಲ್ಗೆ ಮುಳ್ ಚುಚ್ತಾ?” ಎಂದಳು ಸಾಲಿನ ತುದಿಯಲ್ಲಿದ್ದ ಮುದುಕಿ.

“ಉಸ್ರು ಕಟ್ತು ಕಣಜ್ಜಿ.”

“ನಿಂಗೇ ಉಸ್ರು ಕಟ್ಟಿದ್ರೆ ಆ ಸಾಯೇಬ್ರು ಸತ್ತೋಯ್ತಾರಲ್ಲ. ತುಂಡ್ ತುಂಡಾಗಿ ಯೋಳು.”

ಹೆಂಗಸರೆಲ್ಲ ನಕ್ಕರು. ನಾನು ಬದುವಿನ ಮೇಲೆ ಕೂತು, ಉಸಿರು ಕಟ್ಟಿದ ಕಡೆಯಲ್ಲೆಲ್ಲ ವಾಕ್ಯ ಮುರಿದೆ. ‘ಪಾದಾರವಿಂದ’ ಬಂದಾಗ ಅಪೀಲು ಬರೆಸುತ್ತಿದ್ದವಳು ಅದೇನೆಂದು ಕೇಳಿದಳು. ಪಾದ ಅಂದೆ. “ನಾನ್ ಅವ್ರ ಕಾಲ್ ಕೇಳ್ತಿಲ್ಲ, ನನ್ ಒಲ ಕೇಳ್ತಾ ಇವ್ನಿ. ತಗುದಾಕು” ಎಂದಳು. ತೆಗೆದೆ. ನಾಲ್ಕು ದಿನ ಹೀಗೆ ನಡೆಯಿತು. ರಾತ್ರಿ ತಿದ್ದಿದ್ದನ್ನು ಹಗಲು ಹೋಗಿ ಓದುತ್ತಿದ್ದೆ. ಅವಳು ಬೇಕಾದ ಕಡೆ ನಿಲ್ಲಿಸಿ, ಬೆರಳಿಟ್ಟು, ಅಲ್ಲಿಂದಲೇ ಎರಡು ಸಲ ಓದಿಸಿ ಪರೀಕ್ಷೆ ಮಾಡುತ್ತಿದ್ದಳು. ನಾಲ್ಕು ಪುಟದ ಅಪೀಲು ಒಂದು ಪುಟಕ್ಕೆ ಇಳಿಯಿತು. ಹೊಲ ಯಾವುದು, ಕಲ್ಲು ಆಯ್ದವರು ಯಾರು, ಉತ್ತುಕೊಟ್ಟವರು ಯಾರು, ಅದಕ್ಕೆ ಅವಳು ಎಷ್ಟು ದಿನ ಕಳೆ ಕಿತ್ತಳು, ಅಷ್ಟೇ ಉಳಿಯಿತು. ಹೈಸ್ಕೂಲಿನಲ್ಲಿ ಯಾರೂ ಕಲಿಸದಿದ್ದ ಕನ್ನಡ ಅದು.

ಐದನೆಯ ದಿನ, ಇನ್ನು ಮುಗಿಯಿತು ಎಂದುಕೊಂಡು ಕೊನೆಯ ಸಲ ಓದಿದೆ. ಆಕೆ ಕಳೆಯ ಕಂತೆ ಬದುವಿನ ಮೇಲೆ ಎಸೆದು ಕೇಳಿದಳು:

“ಎಲ್ಲಾ ಸರಿ ಅದೆ. ಕೈಲಾಗಕಿಲ್ಲ ಅಂತ ಮೊದ್ಲು ಬರ್ಸಿದ್ದೋಳು ಈಗ ಆಯ್ತದೆ ಅಂತ ಯಾಕ್ ಬರ್ಸಿದ್ಲು ಅಂತ ಆ ಸಾಯೇಬ್ರು ಕೇಳಕಿಲ್ವಾ?”

ನನಗೆ ಗೊತ್ತಿತ್ತು. ಓದುವಾಗ ಪ್ರತಿ ದಿನವೂ ಅದೇ ಜಾಗದಲ್ಲಿ ನಾಲಿಗೆ ತಡವರಿಸುತ್ತಿತ್ತು. ಉಸಿರಿಗೆಂದು ನೆವ ಹೇಳಿಕೊಂಡು ದಾಟಿಬಿಡುತ್ತಿದ್ದೆ. ಅಲ್ಲಿ ಬರಬೇಕಾದ ಮಾತು ಒಂದೇ: ಮೊದಲ ಅರ್ಜಿಯನ್ನು ಬರೆದವನು ಅದನ್ನು ಆಕೆಗೆ ಓದಿ ಹೇಳಿರಲಿಲ್ಲ. ಅದನ್ನು ಬರೆದರೆ ನನ್ನ ಪರವಾನಗಿ ಹೋಗುತ್ತದೆ. ಬರೆಯದಿದ್ದರೆ ಅವಳ ಹೊಲ ಹೋಗುತ್ತದೆ.

ಮದ್ದೂರಿಗೆ ವಾಪಸು ಬಂದು ಹಿರಿಯರಿಗೆ ಹೇಳಿದೆ. “ನಿಂಗೇನ್ ದೆವ್ವ ಮೆಟ್ಕಂಡದಾ? ಒಬ್ಬಳಿಗೋಸ್ಕರ ನಮ್ಮೆಲ್ರ ಬುಡಕ್ಕೆ ನೀರ್ ಬುಡ್ತೀಯಾ? ಮೈದ ಎದ್ರುಸಿ ಬರ್ಸಿದ ಅಂತ ಬರಿ, ಮುಗೀತು” ಎಂದರು. ಆ ದಾರಿ ಸುಲಭವಾಗಿತ್ತು. ಅವತ್ತು ಸಂಜೆಯವರೆಗೂ ನಾನು ಅದನ್ನು ಯೋಚಿಸಿದೆ ಎಂಬುದನ್ನೂ ಇಲ್ಲಿ ಬರೆಯಬೇಕು. ಆದರೆ ಆ ಸಾಲನ್ನೂ ಅವಳಿಗೆ ಓದಿ ಹೇಳಬೇಕಾಗುತ್ತದಲ್ಲ! ಬದುವಿನ ಮೇಲೆ ನಿಂತು, ಮೈದುನ ಹೆದರಿಸಿದ ಎಂದು ಅವಳ ಮುಖ ನೋಡಿಕೊಂಡು ಓದುವುದು ನನ್ನಿಂದ ಆಗುತ್ತಿರಲಿಲ್ಲ. ನಿಜವನ್ನೇ ಬರೆದೆ. ಮರುದಿನ ಹೋಗಿ ಓದಿದೆ. ಆಕೆ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿಸಿ, ಹೆಬ್ಬೆಟ್ಟು ಒತ್ತಿದಳು.

ವಿಚಾರಣೆಯ ದಿನ ಇಬ್ಬರೂ ರೈಲು ಹತ್ತಿ ಮಂಡ್ಯಕ್ಕೆ ಹೋದೆವು. ಸಾಹೇಬರು ಕಾಗದ ನೋಡಿ, ಬರೆದವನು ಯಾರು ಎಂದು ಕೇಳಿದರು. ಮುಂದೆ ನಿಂತೆ. ಆ ಸಾಲನ್ನು ನೀನೇ ಓದು ಎಂದರು. ಮೈದುನ, ಗುಮಾಸ್ತರು, ಬಾಗಿಲ ಜವಾನ ಎಲ್ಲರೂ ಇದ್ದರು. ಓದಿದೆ. ಒಂದು ಪದವೂ ತಪ್ಪಲಿಲ್ಲ.

ಹಳೆಯ ಹುಕುಂ ರದ್ದಾಯಿತು; ಹೊಲಕ್ಕೇ ಹೋಗಿ ವಿಚಾರಿಸಿ ಬರೆಯುವಂತೆ ಅಪ್ಪಣೆಯಾಯಿತು. ನನ್ನ ಪರವಾನಗಿಯನ್ನು ಆರು ತಿಂಗಳು ತಡೆದರು. ವಾಪಸು ಬರುವಾಗ ರೈಲಿನಲ್ಲಿ ಆಕೆ, “ಆರ್ ತಿಂಗ್ಳು ಏನ್ ಮಾಡೀಯಪ್ಪ? ಕಳೆ ಕೀಳಾಕ್ ಬತ್ತೀಯಾ?” ಎಂದಳು.

“ನಂಗೆ ಬರಕಿಲ್ಲ ಕಣವ್ವ.”

“ಅದೂ ಬರಕಿಲ್ವಾ” ಎಂದು ಕಿಟಕಿಯ ಕಡೆ ತಿರುಗಿ ನಕ್ಕಳು.

ವಿಚಾರಣೆಯವರು ಹೊಲಕ್ಕೆ ಬಂದರು. ಉತ್ತುಕೊಟ್ಟವರು ಸಾಕ್ಷಿ ಹೇಳಿದರು. ಭೂಮಿ ಅವಳ ಹೆಸರಿಗೇ ಆಯಿತು. ಆದರೆ ಅಷ್ಟರೊಳಗೆ ಆ ವರ್ಷದ ರಾಗಿಯನ್ನು ಮೈದುನ ಕೊಯ್ದುಕೊಂಡಿದ್ದ. ಆ ವರ್ಷ ಪೂರ್ತಿ ಆಕೆ ಕಂಡವರ ಹೊಲದಲ್ಲಿ ದುಡಿದು ಉಂಡಳು. ಅದು ನನ್ನ ಒಕ್ಕಣೆಯ ಫಲ. ಅದನ್ನು ಯಾವ ಅಪೀಲೂ ತಿದ್ದಲಿಲ್ಲ.

ನನ್ನ ಪೆಟ್ಟಿಗೆಯಲ್ಲಿ ಐದು ವರ್ಷದ ಕರಡುಗಳಿದ್ದವು. ಒಬ್ಬಳು ಬೆರಳಿಟ್ಟು ಕೇಳಿದ್ದರಿಂದ ಒಂದು ಸಿಕ್ಕಿಬಿತ್ತು. ಮಿಕ್ಕವರು ಕೇಳಿರಲಿಲ್ಲ, ಅಷ್ಟೇ. ಪರವಾನಗಿ ಇಲ್ಲದ ಆ ಆರು ತಿಂಗಳಲ್ಲಿ ಕರಡುಗಳನ್ನು ಊರುವಾರು ಕಂತೆ ಕಟ್ಟಿಕೊಂಡು ಹೊರಟೆ. ಮದ್ದೂರಿನ ಸುತ್ತ ಮುಗಿಸಿ ಮಳವಳ್ಳಿ ಕಡೆಗೂ ನಡೆದೆ. ಜಗಲಿಯ ಮೇಲೆ ಕೂತು, ನಿಮ್ಮ ಹೆಸರಿನಲ್ಲಿ ನಾನು ಬರೆದದ್ದು ಇದು ಎಂದು ಓದಿ ಹೇಳುತ್ತಿದ್ದೆ. ಕೆಲವರದು ಇನ್ನೂ ತಿದ್ದಿಕೊಳ್ಳುವ ಹಾಗಿತ್ತು. ಅವರಿಗೆ ಏನು ಮಾಡಬೇಕೆಂದು ಹೇಳಿದೆ. ಹಲವರದು ಕಾಲ ಮೀರಿತ್ತು. ಕೆಲವು ಮನೆಗಳಲ್ಲಿ ಕೇಳುವವರೇ ಇರಲಿಲ್ಲ. ಒಂದು ಕಡೆ ಕೊರಳಪಟ್ಟಿ ಹಿಡಿದು ಬೀದಿಗೆ ತಳ್ಳಿದರು. ನಾನು ಕೈ ಎತ್ತಲಿಲ್ಲ.

ಒಬ್ಬ ಮುದುಕರ ಮನೆ ನೆನಪಿದೆ. ಹೊಲದ ಗಡಿ ಅಳೆಸುವುದಕ್ಕೆಂದು ಬರೆಸಿದ್ದ ಅರ್ಜಿ ಅವರದು. ವಜಾ ಆಗಿ ಮೂರು ವರ್ಷವಾಗಿತ್ತು. ಗಡಿಯ ಮಾತೇ ಇಲ್ಲದ ನನ್ನ ಒಕ್ಕಣೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿಸಿಕೊಂಡರು.

“ಈಗ್ಯಾಕ್ ಓದ್ತೀಯಪ್ಪ?” ಎಂದರು.

“ಆಗ ಓದ್ನಿಲ್ಲ ಕಣಣ್ಣ.”

“ಇನ್ನೂ ಎಷ್ಟವೆ?”

ಹೆಗಲಿನ ಚೀಲ ಇಳಿಸಿ ಬಾಯಿ ಬಿಚ್ಚಿ ತೋರಿಸಿದೆ. ಅವರು ಕಂತೆಗಳನ್ನು ನೋಡಿದರು, ಬಿಸಿಲನ್ನು ನೋಡಿದರು.

“ವಸಿ ನೀರ್ ಕುಡ್ದು ಓಗು. ಗಂಟ್ಲು ಒಣಗ್ಯದೆ” ಎಂದು ಒಳಕ್ಕೆ ಕೂಗಿದರು.

ನೀರು ಕುಡಿದು, ಮುಂದಿನ ಊರಿನ ಕಂತೆಯನ್ನು ಮೇಲಕ್ಕೆ ಇಟ್ಟುಕೊಂಡು ಎದ್ದೆ.