ಎಡ ಪಕ್ಕೆಯ ನೋವು

ಒಬ್ಬರ ಮೈಯ ನೋವು ಇನ್ನೊಬ್ಬರಿಗೆ ಬರುತ್ತದೆ ಎನ್ನುವ ಮಾತನ್ನು ನಾನು ನಂಬುತ್ತಿರಲಿಲ್ಲ. ಅವಳಿ ಮಕ್ಕಳಲ್ಲಿ ಹಾಗಾಗುತ್ತದಂತೆ ಎಂದು ಯಾರಾದರೂ ಹೇಳಿದರೆ, ಯಾವತ್ತು, ಎಷ್ಟು ಹೊತ್ತಿಗೆ, ನೋಡಿದವರು ಯಾರು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಪಿಯುಸಿಯಿಂದಲೂ ನನಗೆ ದಿನಚರಿ ಬರೆಯುವ ಅಭ್ಯಾಸ. ಹೊಳಲಿನಿಂದ ಗೆಜ್ಜಲಗೆರೆಯ ಕಾರ್ಖಾನೆಗೆ ಹೋಗುವ ಬಸ್ಸು ಎಷ್ಟು ತಡವಾಯಿತು ಎಂಬುದನ್ನೂ ಬಿಡದೆ ಬರೆದಿಡುವವನು ನಾನು. ಅಂಥವನ ಲೆಕ್ಕಕ್ಕೂ ಸಿಗದ ಒಂದು ಮಧ್ಯಾಹ್ನವಿದೆ. ಕೆಲವು ವರ್ಷಗಳಾದವು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅದು ಶನಿವಾರ. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಸ್ಟೋರಿನಲ್ಲಿ ಡಬ್ಬಗಳನ್ನು ಎಣಿಸುತ್ತಾ ನಿಂತಿದ್ದೆ. ಇದ್ದಕ್ಕಿದ್ದಂತೆ ಬಾಯಲ್ಲಿ ಓಮದ ಕಷಾಯದ ರುಚಿ ಬಂತು. ಬೆಳಿಗ್ಗೆ ಇಡ್ಲಿ ಬಿಟ್ಟರೆ ನಾನು ಏನೂ ತಿಂದಿರಲಿಲ್ಲ. ಆದರೂ ಆ ಖಾರ ಬೆಚ್ಚಗೆ ಗಂಟಲಿಗೆ ಇಳಿಯಿತು. ಇದೇನು ಎಂದುಕೊಳ್ಳುವಷ್ಟರಲ್ಲಿ ಎಡ ಪಕ್ಕೆಯ ಹಿಂದೆ ಉಳಿ ಇಟ್ಟು ಹೊಡೆದಂಥ ನೋವು. ಅಲ್ಲಿಂದ ಕಿಬ್ಬೊಟ್ಟೆಗೆ ಹರಿಯಿತು. ನೆಲಕ್ಕೆ ಕುಸಿದೆ. ನೋವಿನ ಜೊತೆಗೇ ನಾಚಿಕೆಯೂ ಬಂತು. ಅತ್ತರೆ ಎಲ್ಲರೂ ನಗುತ್ತಾರೆ ಎಂಬ ಹೆದರಿಕೆಯಲ್ಲಿ ಬಾಯಿಗೆ ಕೈ ಒತ್ತಿಕೊಂಡು ನರಳಿದೆ. ನಾನು ಹಾಗೆಲ್ಲ ನಾಚುವವನಲ್ಲ.

ಜೊತೆಯಲ್ಲಿ ಕೆಲಸ ಮಾಡುವ ಮಂಜ ಓಡಿಬಂದ. “ಲೇ, ಏನ್ಲಾ ಆಯ್ತು? ಮಖ ಇಂಗೆ ಬಿಳುಚ್ಕಂಡದೆ! ಕಲ್ಲೇ ಕಣ್ಲಾ ಅದು, ನಮ್ಮಪ್ಪನೂ ಇಂಗೇ ಒದ್ದಾಡಿದ್ದ. ನಡಿ, ಬೈಕ್ ಮ್ಯಾಲೆ ಕುಂತ್ಕ.”

ಮದ್ದೂರಿನ ಒಂದು ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಮಾಡಿದರು. ಕಿಡ್ನಿಯಲ್ಲಿ ಕಲ್ಲು ಇರಲಿಲ್ಲ. ನರ್ಸಮ್ಮ ಇಂಜೆಕ್ಷನ್ ತರುವ ಮೊದಲೇ ನೋವು, ಸ್ವಿಚ್ ಆರಿಸಿದ ಹಾಗೆ, ನಿಂತುಹೋಯಿತು. ಕಲ್ಲು ತಾನಾಗಿ ಇಳಿದುಹೋಗಿರಬಹುದು ಎಂದರು ಡಾಕ್ಟರು. ಕಾರ್ಖಾನೆಯಲ್ಲಿ ರಜೆ ಕೊಟ್ಟರು. ಮನೆಯಲ್ಲಿ ಅಮ್ಮ ಬಾಳೆದಿಂಡಿನ ಪಲ್ಯ ಮಾಡಿದಳು. ಏನೂ ಕಾಣದ ಸ್ಕ್ಯಾನ್ ಕೈಯಲ್ಲಿದ್ದರೂ ನನ್ನನ್ನು ಯಾರೂ ಅನುಮಾನಿಸಲಿಲ್ಲ.

ಅದಾಗಿ ತಿಂಗಳು ಕಳೆದ ಮೇಲೆ ಹಲಗೂರಿನಿಂದ ಅಕ್ಕ ತನ್ನ ಮಗಳು ಧನುವನ್ನು ಮಂಡ್ಯದ ಆಸ್ಪತ್ರೆಗೆ ಕರೆತಂದಳು. ಧನುಗೆ ಆಗ ಹನ್ನೊಂದು ವರ್ಷ. ದಪ್ಪ ಹುಡುಗಿ. ನೆಂಟರಿಷ್ಟರ ಬಾಯಲ್ಲಿ ಅವಳ ಹೆಸರಿಗಿಂತ ಅವಳ ತೂಕದ ಮಾತೇ ಹೆಚ್ಚು. ಚಳಿಜ್ವರ, ವಾಂತಿ. ಎಡ ಮೂತ್ರನಾಳಕ್ಕೆ ಕಲ್ಲು ಅಡ್ಡ ಸಿಕ್ಕಿ ಕಿಡ್ನಿ ಊದಿಕೊಂಡು ಕೀವಾಗಿತ್ತು. ಕಲ್ಲು ತೆಗೆದರು. ಕಿಡ್ನಿ ಉಳಿಯಿತು, ಆದರೆ ಪೂರ್ತಿ ಉಳಿಯಲಿಲ್ಲ.

“ತೂಕದಿಂದ್ಲೇ ಬಂತಾ ಸಾರ್?” ಎಂದು ಅಕ್ಕ ಕೇಳಿದಳು.

“ತೂಕವೂ ಒಂದು ಕಾರಣ ಇರಬಹುದಮ್ಮ. ಆದ್ರೆ ಕಡ್ಡಿ ಥರ ಇರೋ ಮಕ್ಕಳಿಗೂ ಬರುತ್ತೆ. ಇವಳು ನೀರು ಎಷ್ಟು ಕುಡೀತಾಳೆ?”

ಉತ್ತರ ಕೊಟ್ಟವಳು ಧನು. ಶಾಲೆಯಲ್ಲಿ ಅವಳು ನೀರೇ ಕುಡಿಯುತ್ತಿರಲಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಹೋಗಲು ಹುಡುಗರು ಕೂರುವ ಜಗಲಿಯನ್ನು ದಾಟಬೇಕು. ಅವಳು ಎದ್ದರೆ ಸಾಕು, “ಕಬ್ಬಿನ್ ಲಾರಿ ಬಂತು, ದಾರಿ ಬುಡ್ರಲಾ” ಎಂದು ಕೂಗುತ್ತಿದ್ದರಂತೆ.

ಅಕ್ಕ ಹೊರಗೆ ಬಂದು ಗೋಡೆಗೆ ಒರಗಿ ಅತ್ತಳು. “ಇಸ್ಕೂಲಲ್ಲಿ ಓಟದ ಪಂದ್ಯ ಇತ್ತಲ್ಲ, ಆವತ್ತು ಪಕ್ಕೆ ಇಡ್ಕಂಡು ಬಂದ್ಲು ಕಣ್ಲಾ. ಓಡಕ್ಕಾಗ್ದೆ ನಾಟ್ಕ ಆಡ್ತಾವ್ಳೆ ಅಂದ್ಕಂಡು ಒಂದ್ಲೋಟ ಓಮದ ಕಷಾಯ ಕುಡ್ಸಿ ಮಲುಗ್ಸಿದ್ದೆ.”

ಯಾವತ್ತು, ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅದೇ ಶನಿವಾರ, ಅದೇ ಹೊತ್ತು.

ಆಮೇಲೆ ನನ್ನ ಜೊತೆ ನಾನೇ ಬಹಳ ವಾದ ಮಾಡಿದ್ದೇನೆ. ನಮ್ಮ ಕಡೆ ಯಾವ ಮಗುವಿಗೆ ಹೊಟ್ಟೆ ನೋವು ಎಂದರೂ ಓಮದ ಕಷಾಯವೇ. ಪಕ್ಕೆ ಹಿಡಿದುಕೊಳ್ಳುವುದು ಭಾರ ಎತ್ತುವವರಿಗೆ ಹೊಸದಲ್ಲ. ಎರಡನ್ನೂ ತಂದು ಜೋಡಿಸಿದ್ದು ನನ್ನ ಮನಸ್ಸೇ ಇರಬಹುದು. ಇಷ್ಟೆಲ್ಲ ಹೇಳಿಕೊಂಡರೂ ಆ ನಾಚಿಕೆಗೆ ಕಾರಣ ಸಿಗುವುದಿಲ್ಲ. ಅದು ನನ್ನದಾಗಿರಲಿಲ್ಲ.

ಇದನ್ನು ಧನುಗೆ ಹೇಳಿದ್ದು ಮೊನ್ನೆ ದೀಪಾವಳಿಗೆ ಅವಳು ಹೊಳಲಿಗೆ ಬಂದಾಗ. ಈಗ ದೊಡ್ಡವಳಾಗಿದ್ದಾಳೆ, ಮಾತು ಚುರುಕು. ಕೇಳಿ ಮೊದಲು ನಕ್ಕಳು. “ತಕ್ಕಂಡ್ ಮ್ಯಾಲೆ ಪೂರ್ತಿ ತಕ್ಕಬೇಕಿತ್ತು ಮಾವ. ಯಾಕ್ ವಾಪಸ್ ಕಳುಸ್ದೆ?” ನಾನೂ ನಕ್ಕೆ. ಆಮೇಲೆ ಅವಳು ಬೇರೆ ದನಿಯಲ್ಲಿ ಹೇಳಿದಳು:

“ಆವತ್ತು ಕಷಾಯ ಕುಡಿದ್ ತಕ್ಷಣ ನಂಗೆ ನೋವು ಒಂದೇ ಸಲ ನಿಂತೋಯ್ತು. ಎದ್ದು ಕುಂತ್ಕಂಡೆ. ಅದ್ಕೇ ಅಮ್ಮ, ನೋಡು ಎಲ್ಲಾ ನಾಟ್ಕ ಅಂದಿದ್ದು. ಸ್ವಲ್ಪ ಹೊತ್ಗೆ ತಿರ್ಗಾ ಬಂತು. ಆಮ್ಯಾಲ್ ನಾನು ಯಾರ್ಗೂ ಹೇಳ್ನೇ ಇಲ್ಲ.”

ಅಕ್ಕ ಇದನ್ನು ನನಗೆ ಹೇಳಿರಲಿಲ್ಲ. ಕಲ್ಲಿನ ನೋವು ಹಾಗೆಯೇ ಬಂದು ಹೋಗುತ್ತಿರುತ್ತದೆ ಎಂದು ಡಾಕ್ಟರು ಹೇಳಿದ್ದುಂಟು. ಇದೂ ಅಷ್ಟೇ ಇರಲಿ ಎಂದು ಬಯಸುತ್ತೇನೆ. ಅಷ್ಟೇ ಅಲ್ಲವಾದರೆ, ಅವಳು ಅಳುತ್ತಲೇ ಇರಬೇಕಾಗಿದ್ದ, ಹೆತ್ತವಳು ಹೆದರಿ ಆಸ್ಪತ್ರೆಗೆ ಎತ್ತಿಕೊಂಡು ಓಡಬಹುದಾಗಿದ್ದ ಆ ಹೊತ್ತು ನನ್ನ ಪಕ್ಕೆಯಲ್ಲಿ ಕಳೆದುಹೋಯಿತೇ? ನನಗೆ ತಿಳಿಯದು. ಯಾಕೆ ವಾಪಸ್ ಕಳಿಸಿದೆ ಎಂದು ಧನುವೂ ಮತ್ತೆ ಕೇಳಲಿಲ್ಲ.