ಕೂಗಳತೆಯ ರಾಕ್ಷಸ

ಸ್ನೇಹಿತರೇ, ನಕ್ಕು ನಕ್ಕು ಇನ್ನೂ ಪಕ್ಕೆ ನೋಯುತ್ತಿದೆ. ಇಂದು ಹೊಂಗನೂರಿನ ನಮ್ಮ ಜಗಲಿಯಲ್ಲಿ ದಾಳ ಹಾಕಿ ಕಥೆಯೊಳಗೆ ಯುದ್ಧ ಮಾಡುವ ಆಟ ನಡೆದಿತ್ತು. ದೂರ ಎಣಿಸಲು ಚೌಕ ಎಳೆದ ಹಾಳೆ ಇಲ್ಲ, ಕಥೆ ನಡೆಸುವ ನಾನು ಬಾಯಿಮಾತಿನಲ್ಲಿ ಹೇಳಿದ್ದೇ ದೂರ. ಆಟದಲ್ಲಿ ಮಂತ್ರವಾದಿಯಾಗಿದ್ದ ಗೆಳೆಯ ಸಿದ್ದರಾಜುವಿನ ಮಂತ್ರ ಕೂಗಳತೆಯವರೆಗೆ ತಾಕುತ್ತದೆ.

"ಇಲ್ಲಿಂದ ನಿಮ್ಮನೆ ಎಷ್ಟ್ ದೂರವೋ ರಾಕ್ಷಸ ಅಷ್ಟ್ ದೂರ ಅವ್ನೆ. ಕೂಗಿದ್ರೆ ಕೇಳ್ಸಾಕಿಲ್ಲ ಕಣ್ಲಾ," ಎಂದೆ.

"ಯಾಕ್ ಕೇಳ್ಸಾಕಿಲ್ಲ? ನೋಡ್ತಿರು!" ಎಂದವನೇ ಎದ್ದು ತನ್ನ ಮನೆಯ ಕಡೆಗೆ ತಿರುಗಿ, "ಲೇ ರಾಕ್ಷಸಾ!" ಎಂದು ಗಂಟಲು ಹರಿಯುವಂತೆ ಕೂಗಿದ.

ತಟ್ಟನೆ ಅವನ ಅವ್ವನ ದನಿ ಬಂತು: "ಅಲ್ಲಿದ್ದೀಯೇನ್ಲಾ? ರೇಷ್ಮೆಹುಳ ಹಸ್ಕಂಡವೆ, ಬಂದು ಸೊಪ್ಪಾಕು!"

ಕೂಗು ಅಲ್ಲಿಗೆ ಕೇಳಿಸಿತಲ್ಲ, ರಾಕ್ಷಸ ಸತ್ತನೆಂದು ಒಪ್ಪಿಕೊಂಡೆ. ಮಂತ್ರವಾದಿ ಈಗ ಹುಳದ ಮನೆಯಲ್ಲಿದ್ದಾನೆ. ಕೂಗಳತೆಯನ್ನು ಎರಡೂ ಕಡೆಯಿಂದ ಅಳೆಯಬೇಕೆಂದು ನಿಯಮದಲ್ಲಿ ಸೇರಿಸಿದೆ.