ಪರದೆಯ ಮೇಲಿನ ಕೋವಿ

ಕೊಲ್ಲಿ ದೇಶದಲ್ಲಿ, ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದವರು ಕೊಡವರೊಬ್ಬರು, ನನಗಿಂತ ಹಿರಿಯರು. ಶುಕ್ರವಾರ ಬೆಳಿಗ್ಗೆ ಚಹಾ ಹಿಡಿದು, ಫೋನಿನಲ್ಲಿ ಚಕಮಕಿ ಕೋವಿಯ ಕಿಟ್‌ಗಳನ್ನು ನೋಡುತ್ತ ಕೂರುತ್ತಿದ್ದರು. ಬಿಡಿಭಾಗ ತರಿಸಿ ನಾವೇ ಜೋಡಿಸಿಕೊಳ್ಳುವ ಹಳೇ ಕಾಲದ ಕೋವಿ ಅದು.

“ಇದ್ರ ನಳಿಗೆ ಕಂಪನಿಯವ್ರೇ ಕೂರಿಸಿದಾರೆ, ಮರ ಉಜ್ಜಿದ್ರಾಯ್ತು. ಮೊದಲನೇದು ಸುಲಭದ್ದೇ ಇರ್ಲಿ.”

“ತರಿಸಿ ಮಾರಾಯ್ರೇ,” ಎನ್ನುತ್ತಿದ್ದೆ.

“ಇಲ್ಲಿಗಾ? ಏರ್‌ಪೋರ್ಟಲ್ಲೇ ಖಲಾಸ್! ಊರಿಗೆ ಹೋದ್ಮೇಲೆ ನೋಡುವ.”

ಹೀಗೇ ವರ್ಷಗಳು ಹೋದವು.

ಕೈಲ್ ಮುಹೂರ್ತ ಬಂತು. ಮನೆಯ ಕೋವಿಗೆ ಹೂವಿಟ್ಟು ಕೈಮುಗಿಯುವ ಹಬ್ಬ. ಅವರು ದೀಪ ಹಚ್ಚಿ, ಫೋನನ್ನು ಗೋಡೆಗೆ ಒರಗಿಸಿ, ಮೇಲೊಂದು ಮಲ್ಲಿಗೆ ಏರಿಸಿದರು. ಪರದೆಯಲ್ಲಿ ಅದೇ ಸುಲಭದ ಕೋವಿ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು. ಅವರು ಬೆರಳಿನಿಂದ ಮೆಲ್ಲಗೆ ಮುಟ್ಟಿ, ಅದನ್ನು ಮತ್ತೆ ಬೆಳಗಿಸಿ, ಮತ್ತೆ ಕೈಮುಗಿಯುತ್ತಿದ್ದರು.